ರಕ್ತನಾಳದ ಮೂಲಕ ಮೈಬಿಸಿಯ ಹತೋಟಿ

ಮೊಸರಿಗೆ ಹೆಪ್ಪು ಹಾಕುವ ಕೆಲಸವನ್ನು ಬಲ್ಲ ಯಜಮಾನರು ಹೊಸ ಹುಡುಗನ ಕೈಗೆ ಸುಲಭವಾಗಿ ಕೊಡುವುದಿಲ್ಲ. ಕಾಯಿಸಿದ ಹಾಲಿನ ಪಾತ್ರೆಯನ್ನು ತಣ್ಣೀರಿನ ತೊಟ್ಟಿಯಲ್ಲಿಟ್ಟು, ಬೆರಳದ್ದಿ ನೋಡಿ, ಉಗುರುಬೆಚ್ಚಗಿರುವಾಗಲೇ ಹೆಪ್ಪು ಬಿಡಬೇಕು. ಬಿಸಿ ಹೆಚ್ಚಿದರೆ ಮೊಸರು ಹುಳಿಯಾಗಿ ನೀರೊಡೆಯುತ್ತದೆ. ತಣಿದು ಹೋದರೆ ಹೆಪ್ಪುಗಟ್ಟುವುದೇ ಇಲ್ಲ. ಮನುಷ್ಯನ ಶರೀರವೂ ಬಿಸಿಯ ವಿಷಯದಲ್ಲಿ ಇಷ್ಟೇ ಹಟಮಾರಿಯಾದುದು. 37 ಡಿಗ್ರಿ ಸೆಲ್ಸಿಯಸ್, ಅಂದರೆ ಹಳೆಯ ಜ್ವರಮಾಪಕದ 98.6ರ ಆಸುಪಾಸನ್ನು ಬಿಟ್ಟು ಅದು ದೂರ ಸರಿಯಲೊಲ್ಲದು.

ಪರಸ್ಥಳದಲ್ಲಿ ದುಡಿಯುವ ನಮ್ಮವರೊಬ್ಬರ ಹೃದಯ ಹಠಾತ್ತನೆ ನಿಂತು, ಎದೆಯೊತ್ತಿ, ವಿದ್ಯುತ್ತಿನ ಆಘಾತ ಕೊಟ್ಟು ಅದನ್ನು ಮತ್ತೆ ಮಿಡಿಯುವಂತೆ ಮಾಡಿದರೂ ಎಚ್ಚರ ಬಾರದೆ ಮಲಗಿದ್ದಾರೆಂದು ಭಾವಿಸೋಣ. ವೈದ್ಯರು ಹೊರಬಂದು, “ಮೈಯ ಉಷ್ಣತೆಯನ್ನು ಹತೋಟಿಯಲ್ಲಿಡಬೇಕಾಗಿದೆ, ತೊಡೆಸಂದಿಯ ರಕ್ತನಾಳಕ್ಕೆ ಕ್ಯಾಥೆಟರ್ ಹಾಕುತ್ತೇವೆ, ಸಹಿ ಮಾಡಿ” ಎನ್ನಬಹುದು. ಊರಿನಿಂದ ತಂದೆಯೋ ಅಣ್ಣನೋ ಬಂದಿಳಿಯುವ ತನಕ ಈ ಮಾತಿಗೆ ಕಿವಿಗೊಡಬೇಕಾದವನು ಕೋಣೆಯ ಜೊತೆಗಾರ. ಅವನಿಗೆ ಉಪಯೋಗವಾದೀತೆಂದು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ರಕ್ತಸಂಚಾರ ನಿಂತ ನಾಲ್ಕೈದು ನಿಮಿಷಗಳಲ್ಲೇ ಮಿದುಳಿನ ಜೀವಕೋಶಗಳಿಗೆ ಪೆಟ್ಟು ಬೀಳಲಾರಂಭಿಸುತ್ತದೆ. ಹೃದಯ ಮರಳಿ ನಡೆದ ಮೇಲೂ ಆ ಹಾನಿ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಮುಂದುವರಿಯುವುದುಂಟು. ಮೈಬಿಸಿ ಒಂದೊಂದು ಡಿಗ್ರಿ ಇಳಿದಂತೆ ಮಿದುಳಿಗೆ ಬೇಕಾಗುವ ಪ್ರಾಣವಾಯು ಸರಿಸುಮಾರು ಶೇಕಡ 6ರಿಂದ 10ರಷ್ಟು ತಗ್ಗುತ್ತದೆ. ಈ ತತ್ತ್ವವನ್ನು ನಂಬಿಯೇ 1952ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಶಸ್ತ್ರವೈದ್ಯ ಜಾನ್ ಲೂಯಿಸರು ಐದು ವರ್ಷದ ಬಾಲೆಯೊಬ್ಬಳ ಮೈಯನ್ನು 28 ಡಿಗ್ರಿಯವರೆಗೆ ತಣಿಸಿ, ಐದೂವರೆ ನಿಮಿಷಗಳಷ್ಟು ಕಾಲ ರಕ್ತಸಂಚಾರವನ್ನು ತಡೆದು, ಹೃದಯದೊಳಗಿನ ರಂಧ್ರವನ್ನು ಹೊಲಿದರು. ತಣಿಸಲು ತಂಪುಗಂಬಳಿ, ಮತ್ತೆ ಬೆಚ್ಚಗಾಗಿಸಲು ಬಿಸಿನೀರಿನ ತೊಟ್ಟಿ. ಸಲಕರಣೆ ಅಷ್ಟೇ. ಮಗು ಬದುಕಿತು.

ಹೊರಗಿನಿಂದ ತಣಿಸುವುದರಲ್ಲಿ ಒಂದು ತೊಡಕಿದೆ. ಮಂಜುಗಡ್ಡೆ ಸೋಕಿದೊಡನೆ ಚರ್ಮದ ರಕ್ತನಾಳಗಳು ಮುದುಡಿಕೊಂಡು ಬಿಸಿರಕ್ತ ಒಳಗೇ ಉಳಿಯುತ್ತದೆ. ಬಳಿಕ ನಡುಕ ಹುಟ್ಟುತ್ತದೆ. ನಡುಗುವ ಸ್ನಾಯುಗಳು ತಾವೇ ಒಲೆಯಂತೆ ಶಾಖವನ್ನು ಹೊಮ್ಮಿಸುತ್ತವೆ. ನಡುಕವನ್ನಡಗಿಸಲು ಔಷಧ ಕೊಟ್ಟರೆ, ಕೆಲವೊಮ್ಮೆ ಉಷ್ಣತೆ ಬೇಕಾದುದಕ್ಕಿಂತ ಕೆಳಗೆ ಜಾರುತ್ತದೆ. ರಾತ್ರಿಯಿಡೀ ದಾದಿಯರಿಗೆ ಅದನ್ನು ಏರಿಸಿ ಇಳಿಸುವುದೇ ಕೆಲಸ.

ಕ್ಯಾಥೆಟರ್ ಈ ಜಗಳವನ್ನು ಬದಿಗಿಟ್ಟು ನೇರವಾಗಿ ರಕ್ತದ ಬಳಿಗೆ ಹೋಗುತ್ತದೆ. ತೊಡೆಸಂದಿಯ ಸಿರೆಯಿಂದ ತೂರಿಸಿದ ತೆಳ್ಳನೆಯ ನಳಿಗೆಯ ತುದಿ, ಹೊಟ್ಟೆಯ ಹಿಂಬದಿಯಲ್ಲಿ ಹೃದಯದತ್ತ ಏರುವ ಮಹಾಸಿರೆಯಲ್ಲಿ ನಿಲ್ಲುತ್ತದೆ. ನಳಿಗೆಯ ಮೇಲೆ ಪುಟ್ಟ ಬಲೂನುಗಳಿವೆ. ಹಾಸಿಗೆಯ ಬದಿಯ ಯಂತ್ರವು ತಣಿಸಿದ ಸಲೈನ್ ನೀರನ್ನು ಅವುಗಳೊಳಗೆ ಹರಿಸಿ ಮರಳಿ ಎಳೆದುಕೊಳ್ಳುತ್ತದೆ. ಆ ನೀರು ರಕ್ತದಲ್ಲಿ ಬೆರೆಯುವುದಿಲ್ಲ. ತೊಟ್ಟಿಯ ನೀರು ಪಾತ್ರೆಯ ಹಾಲಿಗೆ ಬೆರೆಯುವುದುಂಟೆ? ಬಲೂನಿನ ಗೋಡೆಯನ್ನು ಸವರಿಕೊಂಡು ಹೋಗುವ ರಕ್ತ ತಂಪಾಗಿ ಮೈಯೆಲ್ಲ ಸುತ್ತುತ್ತದೆ. ಮೂತ್ರಕೋಶದಲ್ಲೋ ಅನ್ನನಾಳದಲ್ಲೋ ಇರಿಸಿದ ಮಾಪಕವು ಕ್ಷಣಕ್ಷಣದ ಉಷ್ಣತೆಯನ್ನು ತಿಳಿಸಲು, ಯಂತ್ರ ಅದಕ್ಕೆ ತಕ್ಕಂತೆ ನೀರಿನ ಬಿಸಿಯನ್ನು ಬದಲಿಸುತ್ತದೆ. ಚರ್ಮ ಬಿಡುವಾಗಿರುವುದರಿಂದ ಮೇಲೆ ಬೆಚ್ಚನೆಯ ಹೊದಿಕೆ ಹೊದಿಸಿ ನಡುಕವನ್ನು ತಗ್ಗಿಸಲೂ ಬರುತ್ತದೆ.

ಹಾಗಾದರೆ ಇದರಿಂದ ಹೆಚ್ಚು ಜೀವ ಉಳಿಯುವುದೆ? ಸಹಿ ಮಾಡುವವನು ಕೇಳತಕ್ಕ ಪ್ರಶ್ನೆ ಇದೇ. 2002ರಲ್ಲಿ ಪ್ರಕಟವಾದ ಯೂರೋಪಿನ ಪ್ರಯೋಗವೊಂದರಲ್ಲಿ, ಹೃದಯಸ್ತಂಭನದ ತರುವಾಯ 32ರಿಂದ 34 ಡಿಗ್ರಿಯಲ್ಲಿ ಒಂದು ದಿನ ಇರಿಸಿದವರ ಪೈಕಿ ಶೇಕಡ 55ರಷ್ಟು ಮಂದಿಯ ಮಿದುಳು ಚೆನ್ನಾಗಿ ಚೇತರಿಸಿಕೊಂಡಿತು. ತಣಿಸದವರಲ್ಲಿ ಶೇಕಡ 39. ಜಗತ್ತಿನ ಆಸ್ಪತ್ರೆಗಳೆಲ್ಲ ಉತ್ಸಾಹಗೊಂಡವು. ಆದರೆ 2013ರಲ್ಲಿ 939 ರೋಗಿಗಳನ್ನು ಹೋಲಿಸಿದಾಗ 33 ಡಿಗ್ರಿಗೂ 36 ಡಿಗ್ರಿಗೂ ಅಂತರ ಕಾಣಲಿಲ್ಲ. 2021ರಲ್ಲಿ 1,850 ಮಂದಿಯನ್ನು ಪರೀಕ್ಷಿಸಿದ ಇನ್ನೂ ದೊಡ್ಡ ಪ್ರಯೋಗದಲ್ಲಿ, 33 ಡಿಗ್ರಿಗೆ ತಣಿಸಿದವರಲ್ಲಿ ಆರು ತಿಂಗಳೊಳಗೆ ಶೇಕಡ 50, ಕೇವಲ ಜ್ವರವೇರದಂತೆ ನೋಡಿಕೊಂಡವರಲ್ಲಿ ಶೇಕಡ 48 ಮಂದಿ ತೀರಿಕೊಂಡರು. ಎಂದರೆ ಎರಡೂ ಒಂದೇ. ಕ್ಯಾಥೆಟರಿನ ಮಾತೂ ಹೀಗೆಯೇ. 2015ರ 400 ರೋಗಿಗಳ ಹೋಲಿಕೆಯಲ್ಲಿ ಅದು ಉಷ್ಣತೆಯನ್ನು ಬೇಗ ಇಳಿಸಿ ಕದಲದಂತೆ ಹಿಡಿಯಿತು, ದಾದಿಯರ ಶ್ರಮವನ್ನೂ ತಗ್ಗಿಸಿತು. ಚೇತರಿಸಿಕೊಂಡವರ ಸಂಖ್ಯೆಯಲ್ಲಿ ಮಾತ್ರ ಖಚಿತವೆನ್ನಬಹುದಾದ ಹೆಚ್ಚಳ ಕಂಡುಬರಲಿಲ್ಲ.

ಆದುದರಿಂದ, ಆಸ್ಪತ್ರೆಯಲ್ಲಿ ಈ ಯಂತ್ರವಿಲ್ಲದೆ ಹೊರಗಿನಿಂದಲೇ ಉಪಚರಿಸುತ್ತಿದ್ದರೆ ರೋಗಿಗೆ ಅನ್ಯಾಯವಾಯಿತೆಂದು ಪರಿತಪಿಸಬೇಕಾಗಿಲ್ಲವೆಂಬುದು ನಮ್ಮ ಅಭಿಪ್ರಾಯ. ಜ್ವರ ಏರಗೊಡಬಾರದು, ಇದೇ ಇಂದು ಮುಖ್ಯವೆನಿಸಿರುವ ಸಂಗತಿ. ನಳಿಗೆಗೆ ಅದರದೇ ಅಪಾಯಗಳೂ ಇವೆ. ಸಿರೆಯಲ್ಲಿ ರಕ್ತ ಹೆಪ್ಪುಗಟ್ಟಬಹುದು, ಸೋಂಕು ತಗಲಬಹುದು, ಚುಚ್ಚಿದಲ್ಲಿ ರಕ್ತ ಸೋರಬಹುದು. ಅಗತ್ಯ ತೀರಿದೊಡನೆ ಅದನ್ನು ತೆಗೆಯುವುದು ಇದಕ್ಕಾಗಿಯೇ.

ಯಂತ್ರದ ನಿಜವಾದ ಸೊಗಸು ಬೇರೆ ಕಡೆ ಕಾಣುತ್ತದೆ. ಅದು ತಣಿಸುವಂತೆಯೇ ಬೆಚ್ಚಗೂ ಮಾಡಬಲ್ಲದು. ಕುದಿಯುವ ಎಣ್ಣೆಯೋ ಬೆಂಕಿಯೋ ತಗಲಿ ಮೈಯ ಬಹುಭಾಗ ಸುಟ್ಟವನಿಗೆ ಚರ್ಮದ ಕಾವಲಿಲ್ಲ; ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಅವನ ಬಿಸಿಯೆಲ್ಲ ಸೋರಿಹೋಗುತ್ತದೆ. ಚಿಕಿತ್ಸೆಗಾಗಿ ತೆರೆದಿಟ್ಟ ಮೈಗೆ ಕಂಬಳಿ ಹೊದಿಸುವುದೆಂತು? ಅಲ್ಲಿ ಒಳಗಿನಿಂದ ಬೆಚ್ಚಗಾಗಿಸುವ ನಳಿಗೆ ಉಪಕಾರಕ್ಕೆ ಬರುತ್ತದೆ. ಬೇಸಗೆಯ ಅಡಿಗೆಮನೆಯಲ್ಲಿ ಶಾಖಾಘಾತವಾಗಿ 40 ಡಿಗ್ರಿ ದಾಟಿದವನಿಗೂ ಅದನ್ನು ಬಳಸಿದ್ದುಂಟು. ಆದರೆ ಅಂಥವನನ್ನು ಆಸ್ಪತ್ರೆಗೆ ಸಾಗಿಸುವ ತನಕ ಕೈಕಟ್ಟಿ ಕೂರತಕ್ಕದ್ದಲ್ಲ. ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಮೈಮೇಲೆ ತಣ್ಣೀರು ಹೊಯ್ದು ಗಾಳಿ ಬೀಸಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ನೀರು ಬಿಡಬಾರದು.

ಮತ್ತೆ ಆ ಕೋಣೆಯ ಜೊತೆಗಾರನ ಬಳಿಗೆ ಬರೋಣ. ಒಳಗೆ ಹೋಗಿ ನೋಡಿದಾಗ ಗೆಳೆಯನ ಕೈ ತಣ್ಣಗಿರುತ್ತದೆ, ಕಣ್ಣು ಮುಚ್ಚಿರುತ್ತದೆ. ಅದು ಚಿಕಿತ್ಸೆಯ ತಂಪು, ನಿದ್ರೆಯ ಔಷಧ. ತಣಿಸಿದ್ದರೆ ಗಂಟೆಗೆ ಕಾಲು ಡಿಗ್ರಿಯಿಂದ ಅರ್ಧ ಡಿಗ್ರಿಯಷ್ಟು ನಿಧಾನವಾಗಿಯೇ ಮರಳಿ ಬೆಚ್ಚಗಾಗಿಸುತ್ತಾರೆ. ಮಿದುಳು ಎಷ್ಟು ಚೇತರಿಸೀತೆಂಬ ತೀರ್ಮಾನಕ್ಕೆ ವೈದ್ಯರು 72 ಗಂಟೆಗಳಿಗೆ ಮುಂಚೆ ಸಾಮಾನ್ಯವಾಗಿ ಬರುವುದಿಲ್ಲ. ಊರಿಗೆ ಫೋನು ಮಾಡುವಾಗ ಅವನ ತಾಯಿಗೆ ಈ ಮೂರು ದಿನಗಳ ಲೆಕ್ಕವನ್ನೂ ಹೇಳಬೇಕು.