ಸುದ್ದಿ ತಲುಪಿದರಷ್ಟೇ ಸಾಲದು

ಬಿಸಿ ಪಾತ್ರೆ ಮುಟ್ಟಿದೊಡನೆ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತೀರಿ, ಅಲ್ಲವೇ? ಆ ಸುದ್ದಿ ನರಕೋಶದ ಉದ್ದಕ್ಕೂ ವಿದ್ಯುತ್ ರೂಪದಲ್ಲಿ ಓಡುತ್ತದೆ. ಆದರೆ ಒಂದು ಕೋಶ ಮುಗಿದು ಇನ್ನೊಂದು ಆರಂಭವಾಗುವಲ್ಲಿ ಸಣ್ಣ ತೆರಪಿದೆ. ಅದರ ಅಗಲ ಮಿಲಿಮೀಟರಿನ ಸುಮಾರು 50,000ದಲ್ಲಿ ಒಂದು ಪಾಲು. ಈ ಸಂಧಿಯೇ ಸಿನಾಪ್ಸ್. ಸುದ್ದಿ ಇದನ್ನು ದಾಟುವುದು ಹೇಗೆ?

1921ರಲ್ಲಿ ಆಸ್ಟ್ರಿಯದ ಗ್ರಾಜ್ ನಗರದಲ್ಲಿ ಆಟೋ ಲೋವಿ ಎರಡು ಕಪ್ಪೆಗಳ ಹೃದಯಗಳನ್ನು ಲವಣದ್ರಾವಣದಲ್ಲಿ ಇರಿಸಿದರು. ಒಂದರ ವೇಗಸ್ ನರವನ್ನು ಪ್ರಚೋದಿಸಿದಾಗ ಅದರ ಬಡಿತ ನಿಧಾನವಾಯಿತು. ಅಲ್ಲಿನ ದ್ರಾವಣವನ್ನು ಎರಡನೆಯ ಹೃದಯಕ್ಕೆ ಹಾಕಿದರು. ಅದೂ ನಿಧಾನವಾಯಿತು! ಸುದ್ದಿ ಒಯ್ದದ್ದು ಒಂದು ರಾಸಾಯನಿಕ. ಅದೇ ಅಸಿಟೈಲ್‌ಕೋಲಿನ್. 1936ರ ನೊಬೆಲ್ ಪ್ರಶಸ್ತಿ ಲೋವಿ ಮತ್ತು ಹೆನ್ರಿ ಡೇಲ್ ಅವರಿಗೆ ಸಂದಿತು.

ನಿಮ್ಮ ಕೈಕಾಲುಗಳ ಸ್ನಾಯುಗಳಿಗೆ ಅಪ್ಪಣೆ ಒಯ್ಯುವುದೂ ಇದೇ. ನರದ ತುದಿಯ ಪುಟ್ಟ ಚೀಲಗಳಿಂದ ಹೊರಬಿದ್ದು, ಬೀಗಕ್ಕೆ ಕೀಲಿಯಂತೆ ಸ್ನಾಯುವಿನ ಗ್ರಾಹಕಗಳಿಗೆ ಕೂಡಿಕೊಳ್ಳುತ್ತದೆ. ಕೆಲಸ ಮುಗಿದೊಡನೆ ಒಂದು ಕಿಣ್ವ ಅದನ್ನು ಒಡೆದುಹಾಕಬೇಕು. ಇಲ್ಲವಾದರೆ ಕರೆಗಂಟೆಯ ಗುಂಡಿ ಒತ್ತಿದಲ್ಲೇ ಸಿಕ್ಕಿಕೊಂಡಂತೆ!

ಮೆಲಥಿಯಾನ್‌ನಂಥ ಆರ್ಗನೋಫಾಸ್ಫೇಟ್ ಕೀಟನಾಶಕಗಳು ತಡೆಯುವುದು ಈ ಕಿಣ್ವವನ್ನೇ. ಕೀಟ ಸಾಯುವುದು ಹೀಗೆ. ಸಿಂಪಡಿಸುವವರಿಗೆ ಅಪಾಯವೂ ಹೀಗೆಯೇ. ಬೆವರು, ಜೊಲ್ಲು, ಸ್ನಾಯುಗಳ ಅದುರು, ಕೊನೆಗೆ ಉಸಿರಾಟಕ್ಕೇ ಕುತ್ತು.

ನಿಮ್ಮ ಮನೆಯಲ್ಲಿ ಬೆಳೆಗೆ ಔಷಧಿ ಹೊಡೆಯುವವರಿದ್ದರೆ ಇದನ್ನು ಓದಿ ಹೇಳಿ. ಕೈಗವಸು, ಮುಖವಾಡ ಮರೆಯದಿರಲಿ. ಗಾಳಿಗೆ ಎದುರಾಗಿ ಸಿಂಪಡಿಸದಿರಲಿ. ಈ ಲಕ್ಷಣಗಳು ಕಂಡರೆ ಬಟ್ಟೆ ಕಳಚಿ, ಮೈ ತೊಳೆದು, ಔಷಧಿಯ ಡಬ್ಬಿಯ ಸಮೇತ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.