ನಿಲ್ಲಿಸಿದ ಕಲ್ಲಿಗೆ ಗಣಕದ ಸಾಕ್ಷಿ

ಊರಿಗೆ ಹೋದಾಗ ಗುಡ್ಡದ ನೆತ್ತಿಯಲ್ಲಿ ಕಲ್ಲುಚಪ್ಪಡಿಗಳನ್ನು ನಿಲ್ಲಿಸಿ ಕಟ್ಟಿದ ಪುಟ್ಟ ಮನೆಯನ್ನು ತೋರಿಸಿ "ಅಜ್ಜಿ, ಇದೇನು?" ಎಂದು ಕೇಳಿದರೆ, "ಮೋರ್ಯರ ಮನೆ" ಎಂದೋ "ಪಾಂಡವರು ಕಟ್ಟಿದ್ದು" ಎಂದೋ ಉತ್ತರ ಬರುತ್ತದೆ. ತುರ್ಭೆ, ವಾಶಿ, ಡೊಂಬಿವಲಿಗಳಲ್ಲಿ ಹುಟ್ಟಿ ಬೆಳೆದು, ರಜೆಯಲ್ಲಷ್ಟೇ ಊರು ಕಾಣುವ ನಮ್ಮ ಯುವ ಮಿತ್ರರಿಗೆ ಆ ಉತ್ತರ ಸಾಲದು. ನಿಮ್ಮಲ್ಲಿ ಕಂಪ್ಯೂಟರ್ ಕಲಿತವರಿಗೇನೂ ಕೊರತೆಯಿಲ್ಲ. ಆ ವಿದ್ಯೆಗೂ ಈ ಕಲ್ಲುಗಳಿಗೂ ಇರುವ ನಂಟನ್ನು ಹೇಳುವುದಕ್ಕೇ ಈ ಬರಹ.

ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನಲ್ಲಿ ನಿಲಸ್ಕಲ್, ಬೈಸೆ ಎಂಬ ಹಳ್ಳಿಗಳಿವೆ. ನಿಲಸ್ಕಲ್ ಎಂದರೆ ನಿಲ್ಲಿಸಿದ ಕಲ್ಲು. ಹೆಸರೇ ಸಾಕ್ಷಿ ನುಡಿಯುತ್ತದೆ. ಬರಹದ ದಾಖಲೆ ಇಲ್ಲದ ಬೃಹತ್ ಶಿಲಾ ಸಂಸ್ಕೃತಿಯ ಜನ ಎತ್ತಿ ನಿಲ್ಲಿಸಿದ ಎತ್ತರದ ಚಪ್ಪಡಿಗಳು ಅವು. ಮಣಿಪಾಲದಲ್ಲಿ ವಾಸ್ತುಶಿಲ್ಪ ಕಲಿಸುತ್ತಿದ್ದ ಶ್ರೀಕುಮಾರ್ ಮೆನನ್ ಮತ್ತು ನಮ್ಮ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಖಗೋಳ ವಿಜ್ಞಾನಿ ಮಯಾಂಕ್ ವಾಹಿಯಾ ಇವುಗಳನ್ನು ಅಭ್ಯಾಸ ಮಾಡಿದರು. ಎರಡು ಕಲ್ಲುಗಳನ್ನು ಸೇರಿಸಿ ಎಳೆದ ಕೆಲವು ರೇಖೆಗಳು ಜೂನ್ ಮತ್ತು ಡಿಸೆಂಬರಿನ ಅಯನ ಬದಲಾಗುವ ದಿನಗಳಂದು ಸೂರ್ಯ ಹುಟ್ಟುವ, ಮುಳುಗುವ ಜಾಗಗಳತ್ತ ಬೊಟ್ಟು ಮಾಡುತ್ತವೆ ಎಂದು ಅವರು ತೋರಿಸಿದರು.

ಮೂರು ಸಾವಿರ ವರ್ಷಗಳ ಹಿಂದೆಯೂ ಸೂರ್ಯ ಅಲ್ಲೇ ಹುಟ್ಟುತ್ತಿದ್ದನೇ? ಆಕಾಶವನ್ನು ಹಿಂದಕ್ಕೆ ತಿರುಗಿಸಿ ನೋಡುವುದು ಇಂದು ಗಣಕಕ್ಕೆ ಸುಲಭ. ಭೂಮಿಯ ಅಕ್ಷದ ಓರೆ ಈಗ ಸುಮಾರು 23.4 ಡಿಗ್ರಿ, ಆಗ 23.8ರಷ್ಟಿತ್ತು. ಆದ್ದರಿಂದ ಅಯನದ ಸೂರ್ಯೋದಯ ಸರಿದದ್ದು ಸೂರ್ಯಬಿಂಬದ ಅಗಲಕ್ಕಿಂತಲೂ ಕಡಿಮೆ. ನಕ್ಷತ್ರಗಳ ಮಾತು ಬೇರೆ. ಅವು ಅಷ್ಟರಲ್ಲಿ ನಲವತ್ತು ಡಿಗ್ರಿಗೂ ಮಿಕ್ಕಿ ಜರುಗಿವೆ.

ಆದರೆ ಬೆರಗಾಗುವ ಮುನ್ನ ಒಂದು ಲೆಕ್ಕ ಮಾಡಿ. ಬಯಲಿನಲ್ಲಿ 20 ಕಲ್ಲುಗಳಿದ್ದರೆ ಎರಡೆರಡನ್ನು ಸೇರಿಸುವ ರೇಖೆಗಳು 190. ಅಯನದ ದಿಕ್ಕುಗಳು ಎರಡು ರೇಖೆಗಳಲ್ಲಿ ಅಡಗುತ್ತವೆ. ಆಚೀಚೆ ಒಂದೊಂದು ಡಿಗ್ರಿ ರಿಯಾಯಿತಿ ಕೊಟ್ಟರೆ 180 ಡಿಗ್ರಿಯಲ್ಲಿ ಒಟ್ಟು ನಾಲ್ಕು ಡಿಗ್ರಿ. ಅಂದರೆ ಕುರುಡನೊಬ್ಬ ಕಲ್ಲುಗಳನ್ನು ಮನಸ್ಸಿಗೆ ಬಂದಂತೆ ನೆಟ್ಟರೂ ಸರಾಸರಿ ನಾಲ್ಕು ರೇಖೆಗಳು ಸೂರ್ಯನನ್ನು ತೋರಿಸುತ್ತವೆ! ಸಿಮ್ಯುಲೇಶನ್ ಬೇಕಾಗುವುದು ಇಲ್ಲಿಯೇ. ಗಣಕದೊಳಗೆ ಅಷ್ಟೇ ಕಲ್ಲುಗಳನ್ನು ಹತ್ತು ಸಾವಿರ ಸಲ ಚೆಲ್ಲಾಪಿಲ್ಲಿಯಾಗಿ ನೆಟ್ಟು ನೋಡಬೇಕು. ನಿಜವಾದ ಬಯಲಿನಲ್ಲಿ ಸಿಗುವ ರೇಖೆಗಳು ಅದಕ್ಕಿಂತ ಬಹಳ ಹೆಚ್ಚಿದ್ದರೆ ಮಾತ್ರ ಉದ್ದೇಶವಿತ್ತೆಂದು ಧೈರ್ಯವಾಗಿ ಹೇಳಬಹುದು. ನಿಮ್ಮಲ್ಲಿ ಯಾರಾದರೂ ಒಂದು ಭಾನುವಾರ ಕುಳಿತು ಬರೆಯಬಲ್ಲ ಪ್ರೋಗ್ರಾಮ್ ಇದು.

ಅಮೆರಿಕದ ಅರಿಜೋನಾದಲ್ಲಿ ಇಂಥ ಪ್ರಯೋಗ ಇನ್ನೂ ಮುಂದೆ ಹೋಯಿತು. ಲಾಂಗ್ ಹೌಸ್ ಕಣಿವೆಯ ಪುರಾತನ ರೈತರು 1300ರ ಸುಮಾರಿಗೆ ಊರು ಬಿಟ್ಟುಹೋದದ್ದೇಕೆ? ಮಳೆ, ಮಣ್ಣು, ಮೆಕ್ಕೆಜೋಳದ ಇಳುವರಿಗಳ ಅಂಕಿಗಳನ್ನು ಕೊಟ್ಟು, ಒಂದೊಂದು ಕುಟುಂಬವನ್ನೂ ಗಣಕದಲ್ಲಿ ಬಾಳಿಸಿ ನೋಡಿದರು. ಬರದಿಂದ ಜನ ಕಡಿಮೆಯಾದರು, ನಿಜ. ಆದರೆ ಎಲ್ಲರೂ ಹೋಗಬೇಕಾಗಿರಲಿಲ್ಲ ಎಂದಿತು 2002ರಲ್ಲಿ ಪ್ರಕಟವಾದ ಆ ಅಧ್ಯಯನ. ಉಳಿದವರೂ ಹೊರಟದ್ದಕ್ಕೆ ಬೇರೆ ಕಾರಣವಿದ್ದಿರಬೇಕು. ಹೊಟ್ಟೆಪಾಡೊಂದೇ ಜನರನ್ನು ಊರು ಬಿಡಿಸುವುದಿಲ್ಲ. ಇದನ್ನು ನಮ್ಮ ಹಿರಿಯರನ್ನು ಕೇಳಿದರೂ ಹೇಳಿಯಾರು.

ಇನ್ನು ಗಣಕದಲ್ಲಿ ಪುನರ್ನಿರ್ಮಾಣದ ಮಾತು. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನಲ್ಲಿ ಇಂಥ ಶಿಲಾಮನೆಗಳು ಸುಮಾರು 400 ಇವೆ. ಹಲವು ಕುಸಿದಿವೆ. ಬಿದ್ದ ಚಪ್ಪಡಿಯನ್ನು ಕೈಯಿಂದ ಮುಟ್ಟದೆ, ತೆರೆಯ ಮೇಲೆ ಎತ್ತಿ ಕೂರಿಸಿ ನೋಡಬಹುದು. ತಪ್ಪಿದರೆ ಅಳಿಸಬಹುದು. ಆದರೆ ತೆರೆಯ ಮೇಲಿನ ಚಿತ್ರ ಅಂದವಾದಷ್ಟೂ ಊಹೆಯೇ ಸತ್ಯವಾಗಿ ಕಾಣುವ ಅಪಾಯವಿದೆ. ಯಾವುದು ಸಿಕ್ಕಿದ್ದು, ಯಾವುದು ಸೇರಿಸಿದ್ದು ಎಂದು ಬೇರ್ಪಡಿಸಿ ತೋರಿಸಬೇಕೆಂದು ವಿದ್ವಾಂಸರು 2006ರಲ್ಲಿ 'ಲಂಡನ್ ಚಾರ್ಟರ್' ಎಂಬ ನಿಯಮಾವಳಿ ರೂಪಿಸಿದ್ದು ಇದಕ್ಕಾಗಿಯೇ.

ಬಳ್ಳಾರಿ ಬಳಿಯ ಕಪ್ಪಗಲ್ಲು ಗುಡ್ಡದ್ದು ಬೇರೆಯೇ ಅವಸರ. ನವಶಿಲಾಯುಗದವರು ಅಲ್ಲಿನ ಕಪ್ಪು ಬಂಡೆಗಳ ಮೇಲೆ ದನಕರುಗಳನ್ನು, ಮನುಷ್ಯರನ್ನು ಕುಟ್ಟಿ ಕೆತ್ತಿದ್ದಾರೆ. ಕೆಲವು ಬಂಡೆಗಳ ಕುಳಿಗಳಿಗೆ ಕಲ್ಲಿನಿಂದ ಬಡಿದರೆ ಗಂಟೆಯಂತೆ ನಾದ ಹೊಮ್ಮುತ್ತದೆ. 2004ರಲ್ಲಿ ನಿಕೋಲ್ ಬೋವಿನ್ ಇದರ ಬಗ್ಗೆ ಬರೆದಾಗಲೇ ಕ್ವಾರಿಯವರು ಗುಡ್ಡವನ್ನು ಒಡೆಯುತ್ತಿದ್ದರು. ತುರ್ಭೆಯ ಗುಡ್ಡಗಳನ್ನು ಕ್ವಾರಿಗಳು ಕೊರೆದದ್ದನ್ನು ಕಂಡವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ಒಡೆದ ಬಂಡೆಯ ಸ್ವರವನ್ನು ಯಾವ ಗಣಕವೂ ಮರಳಿ ತರಲಾರದು, ಮೊದಲೇ ಅಳೆದು ದಾಖಲಿಸಿರದಿದ್ದರೆ.

ಆ ದಾಖಲೆ ಮಾಡುವ ಸಾಧನ ಈಗ ನಿಮ್ಮ ಜೇಬಿನಲ್ಲಿಯೇ ಇದೆ. ಊರಿನಲ್ಲಿ ಇಂಥ ಕಲ್ಲು ಕಂಡರೆ ಸುತ್ತಲೂ ಹೆಜ್ಜೆಹೆಜ್ಜೆಗೆ ಫೋಟೋ ತೆಗೆಯಿರಿ. ಒಂದು ಚಿತ್ರದಲ್ಲಿ ಕಂಡದ್ದರ ಮುಕ್ಕಾಲು ಪಾಲು ಮುಂದಿನದರಲ್ಲೂ ಕಾಣಬೇಕು. ಆ ಸಮಾನ ಚುಕ್ಕೆಗಳಿಂದಲೇ ಗಣಕ ಮೂರು ಆಯಾಮದ ರೂಪ ಕಟ್ಟುತ್ತದೆ. ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಡಿ. ಕಲ್ಲಿಗೆ ಸೀಮೆಸುಣ್ಣ ಬಳಿಯಬೇಡಿ. ಇಳಿಬಿಸಿಲಿನಲ್ಲಿ ತೆಗೆದರೆ ಬರಿಗಣ್ಣಿಗೆ ಕಾಣದ ಗೀರುಗಳೂ ನೆರಳಿನಿಂದ ಎದ್ದು ಬರುತ್ತವೆ.