ಗಂಟನ್ನರಿತು ಬಿಚ್ಚುವ ಕಿಣ್ವಗಳು

ನಮ್ಮ ದೇಹದ ಒಂದೊಂದು ಜೀವಕೋಶದಲ್ಲಿಯೂ ಸಾವಿರಾರು ಬಗೆಯ ಪ್ರೋಟೀನುಗಳು ಹುಟ್ಟುತ್ತಲೂ ಅಳಿಯುತ್ತಲೂ ಇರುತ್ತವೆ. ಅಳಿಯತಕ್ಕ ಪ್ರೋಟೀನಿಗೆ ಜೀವಕೋಶವು ಒಂದು ಗುರುತನ್ನು ಅಂಟಿಸುತ್ತದೆ. ಆ ಗುರುತಿಗೆ ಯುಬಿಕ್ವಿಟಿನ್ ಎಂದು ಹೆಸರು. ಅದೂ ಒಂದು ಪುಟ್ಟ ಪ್ರೋಟೀನೇ. 76 ಅಮೈನೋ ಆಮ್ಲಗಳನ್ನು ಪೋಣಿಸಿ ಆದದ್ದು. ಈ ವ್ಯವಸ್ಥೆಯ ಮರ್ಮವನ್ನು ಬಿಡಿಸಿದ ಆರನ್ ಚೀಖನೋವರ್, ಅವ್ರಾಮ್ ಹರ್ಷ್ಕೊ, ಅರ್ವಿನ್ ರೋಸ್ ಎಂಬ ಮೂವರಿಗೆ 2004ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವು ಸಂದಿತು.

ಗುರುತು ಒಂದೇ ಆಗಿದ್ದರೆ ವಿಷಯ ಸುಲಭವಾಗಿತ್ತು. ಆದರೆ ಯುಬಿಕ್ವಿಟಿನ್ನುಗಳು ಒಂದಕ್ಕೊಂದು ಬೆಸೆದು ಸರಪಳಿಯಾಗುತ್ತವೆ. ಒಂದರ ಬಾಲವು ಮತ್ತೊಂದರ ಎಂಟು ಸ್ಥಾನಗಳಲ್ಲಿ ಯಾವುದಕ್ಕಾದರೂ ಅಂಟಬಹುದು. ಮಲ್ಲಿಗೆಯ ಮೊಗ್ಗು ಒಂದೇ ಆದರೂ ಕಟ್ಟುವ ಬಗೆ ಬೇರೆಯಾದಂತೆ ಮಾಲೆಯೂ ಬೇರೆಯಾಗುವುದಿಲ್ಲವೇ? ಇಲ್ಲಿಯೂ ಹಾಗೆಯೇ. 48ನೆಯ ಅಮೈನೋ ಆಮ್ಲದಲ್ಲಿ ಬೆಸೆದ ಸರಪಳಿಯು ಸಾಮಾನ್ಯವಾಗಿ ಪ್ರೋಟೀನಿನ ನಾಶಕ್ಕೆ ಆಜ್ಞೆ. 63ನೆಯದರಲ್ಲಿ ಬೆಸೆದುದು ನಾಶಕ್ಕಲ್ಲ, ಡಿ.ಎನ್.ಎ. ದುರಸ್ತಿಯೇ ಮೊದಲಾದ ಕಾರ್ಯಗಳಿಗೆ. ತಲೆಗೆ ಬಾಲ ಸೇರಿದ ನೇರ ಸರಪಳಿಯು ಉರಿಯೂತದ ಎಚ್ಚರಿಕೆಯನ್ನು ಹಬ್ಬಿಸಲು ನೆರವಾಗುತ್ತದೆ.

ಆಜ್ಞೆ ನೆರವೇರಿದ ಮೇಲೆ ಸರಪಳಿಯನ್ನು ತೆಗೆಯಬೇಕು. ಕೆಲವೊಮ್ಮೆ ಆಜ್ಞೆಯನ್ನೇ ರದ್ದುಪಡಿಸಿ ಪ್ರೋಟೀನನ್ನು ಉಳಿಸಿಕೊಳ್ಳಬೇಕಾಗುತ್ತದೆ. ಮನುಷ್ಯನಲ್ಲಿ ಈ ಕೆಲಸಕ್ಕೆ ಸುಮಾರು ನೂರು ಕಿಣ್ವಗಳಿವೆ. ಅವುಗಳಲ್ಲಿ ಕೆಲವು ಬಗೆಬಗೆಯ ಸರಪಳಿಗಳನ್ನು ಕಡಿಯುತ್ತವೆ. ಕೆಲವಾದರೋ ಒಂದೇ ಬಗೆಯದನ್ನು ಮಾತ್ರ. ಮಣಿಗಳೆಲ್ಲ ಒಂದೇ, ಬೆಸುಗೆಯೂ ಬಹುಮಟ್ಟಿಗೆ ಒಂದೇ ಆಗಿರುವಾಗ, ಕಣ್ಣಿಲ್ಲದ ಕಿಣ್ವವು ತನ್ನ ಸರಪಳಿಯನ್ನು ಗುರುತಿಸುವುದು ಹೇಗೆ?

ಇದಕ್ಕೆ ಉತ್ತರ ದೊರೆತದ್ದು ಹರಳುಗಳಿಂದ. ಪ್ರೋಟೀನನ್ನು ಹರಳುಗಟ್ಟಿಸಿ, ಅದರ ಮೂಲಕ ಕ್ಷ-ಕಿರಣವನ್ನು ಹಾಯಿಸಿದರೆ, ಕಿರಣಗಳು ಚದರುವ ಬಗೆಯಿಂದ ಪರಮಾಣುಗಳ ಸ್ಥಾನವನ್ನು ಗಣಿಸಬಹುದು. ಆದರೆ ಕಿಣ್ವವು ಸರಪಳಿಯನ್ನು ಹಿಡಿದೊಡನೆ ಕಡಿದುಬಿಡುತ್ತದೆಯಲ್ಲ! ಆದ್ದರಿಂದ ವಿಜ್ಞಾನಿಗಳು ಕಿಣ್ವದ ಒಂದು ಅಮೈನೋ ಆಮ್ಲವನ್ನು ಬದಲಿಸಿ, ಹಿಡಿಯಬಲ್ಲದಾದರೂ ಕಡಿಯಲಾರದಂತೆ ಮಾಡಿ, ಆ ಹಿಡಿತವನ್ನೇ ಹರಳಾಗಿಸಿದರು. ಇದು ಬಲು ಜಾಣತನದ ಉಪಾಯವೆಂದೇ ನಾವು ಭಾವಿಸುತ್ತೇವೆ.

2008ರಲ್ಲಿ ಜಪಾನಿನ ವಿಜ್ಞಾನಿಗಳು ಆಮ್ಷ್-ಎಲ್‌ಪಿ ಎಂಬ ಕಿಣ್ವವನ್ನು ಹೀಗೆ ಪರೀಕ್ಷಿಸಿದರು. ಅದು ಬೆಸುಗೆಯ ಎರಡೂ ಬದಿಯ ಯುಬಿಕ್ವಿಟಿನ್ನುಗಳನ್ನು ಹಿಡಿದು, 63ರ ಜೊತೆಗೆ ಅದರ ನೆರೆಯವಾದ 62, 64ನೆಯ ಅಮೈನೋ ಆಮ್ಲಗಳನ್ನೂ ತಡವಿ ನೋಡುತ್ತದೆ. 48ರ ನೆರೆಹೊರೆಯೇ ಬೇರೆ. ಅದು ಅಲ್ಲಿ ಹೊಂದಿಕೊಳ್ಳದು.

2013ರಲ್ಲಿ ತಿಳಿದುಬಂದ ಓಟುಲಿನ್ ಎಂಬ ಕಿಣ್ವದ ರೀತಿ ಇನ್ನೂ ಸೋಜಿಗದ್ದು. ಇದು ನೇರ ಸರಪಳಿಯನ್ನು ಮಾತ್ರ ಕಡಿಯುತ್ತದೆ. ಕಡಿಯುವ ಸ್ಥಾನದ ಅಮೈನೋ ಆಮ್ಲಗಳು ಮೊದಲು ಸರಿಯಾದ ನೆಲೆಯಲ್ಲಿ ಇರುವುದೇ ಇಲ್ಲ. ನೇರ ಸರಪಳಿಯು ಬಂದು ಕುಳಿತಾಗ, ಅದರ ಒಂದು ಯುಬಿಕ್ವಿಟಿನ್ನಿನ 16ನೆಯ ಅಮೈನೋ ಆಮ್ಲವು ಒಳಚಾಚಿ ಅವುಗಳನ್ನು ಸರಿಪಡಿಸುತ್ತದೆ. ಅಂದರೆ ಕತ್ತರಿಯನ್ನು ಹದಗೊಳಿಸುವುದು ಕತ್ತರಿಸಿಕೊಳ್ಳುವ ಸರಪಳಿಯೇ!

ಈ ಒಂದು ಕಿಣ್ವ ಕೆಟ್ಟರೆ ಆಗುವುದೇನೆಂಬುದು 2016ರಲ್ಲಿ ಪ್ರಕಟವಾಯಿತು. ತಂದೆತಾಯಿಗಳಿಬ್ಬರಿಂದಲೂ ಓಟುಲಿನ್ನಿನ ಕೆಟ್ಟ ಜೀನು ಬಂದ ಕೆಲವು ಎಳೆಯ ಮಕ್ಕಳಲ್ಲಿ ನೇರ ಸರಪಳಿಗಳು ಬಿಚ್ಚದೆ ಉಳಿದು, ರೋಗಾಣುವಿಲ್ಲದೆಯೇ ಮರುಕಳಿಸುವ ಜ್ವರ, ಚರ್ಮದ ಬಾವು, ಭೇದಿ ಕಾಣಿಸಿಕೊಂಡಿದ್ದವು. ಕಾರಣವು ಉರಿಯೂತದ ಎಚ್ಚರಿಕೆಯೆಂದು ತಿಳಿದಿದ್ದರಿಂದ, ಟಿ.ಎನ್.ಎಫ್. ಎಂಬ ಉರಿಯೂತದ ದೂತನನ್ನು ತಡೆಯುವ ಔಷಧವನ್ನು ಕೊಡಲಾಯಿತು. ಅದರಿಂದ ಮಕ್ಕಳ ಜ್ವರವು ಇಳಿಯಿತು.